ನೆಟ್ ಪಾಸಾಯಿತು, ಗೈಡ್ ಎಲ್ಲಿ?

ವಿಜ್ಞಾನದಲ್ಲಿ ಪಿಎಚ್‌.ಡಿ ಮಾಡಬೇಕೆನ್ನುವವರಿಗೆ ನಮ್ಮಲ್ಲಿ ಪರೀಕ್ಷೆಗಳಿಗೇನೂ ಬರವಿಲ್ಲ. ಸಿಎಸ್‌ಐಆರ್–ಯುಜಿಸಿ ನೆಟ್ ಇದೆ, ಗೇಟ್ ಇದೆ, ಭೌತವಿಜ್ಞಾನದವರಿಗೆ ಜೆಸ್ಟ್ ಇದೆ. 2024–25ರಿಂದ ವಿಶ್ವವಿದ್ಯಾಲಯಗಳು ನೆಟ್ ಅಂಕವನ್ನೇ ಪಿಎಚ್‌.ಡಿ ಪ್ರವೇಶಕ್ಕೂ ಪರಿಗಣಿಸಬಹುದು ಎಂದು ಯುಜಿಸಿ ಹೇಳಿದಾಗ, ಊರೂರು ಅಲೆದು ಪ್ರವೇಶ ಪರೀಕ್ಷೆ ಬರೆಯುವ ಕಾಟ ತಪ್ಪೀತೆಂದು ಹಲವರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. 2024ರ ಜೂನ್‌ನಲ್ಲೇ ಯುಜಿಸಿ–ನೆಟ್ ನಡೆದ ಮರುದಿನ ರದ್ದಾಯಿತು. ಸಿಎಸ್‌ಐಆರ್ ನೆಟ್ ಒಂದು ತಿಂಗಳು ಮುಂದಕ್ಕೆ ಹೋಯಿತು.

ಆದರೆ ನಿಜವಾದ ಹುಡುಕಾಟ ಶುರುವಾಗುವುದು ಫಲಿತಾಂಶ ಬಂದ ಮೇಲೆ.

ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಗೆದ್ದವರ ಕೈಯಲ್ಲಿ ಫೆಲೋಶಿಪ್ ಇರುತ್ತದೆ, ಪ್ರಯೋಗಾಲಯ ಇರುವುದಿಲ್ಲ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜತೆಗೆ ಮನೆಬಾಡಿಗೆ ಭತ್ಯೆ. ದುಡ್ಡು ಸಿದ್ಧವಿದೆ, ಗೈಡ್ ಬಳಿ ಜಾಗ ಬೇಕು. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಷ್ಟೇ ಒಂದೇ ವೇಳೆಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅತಿಥಿ ಉಪನ್ಯಾಸಕರು ಗೈಡ್ ಆಗಲಾರರು. ಕರ್ನಾಟಕದ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಬೋಧಕ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವುದನ್ನು ಇದರ ಜತೆ ಇಟ್ಟು ನೋಡಬೇಕು. ಒಬ್ಬ ಪ್ರೊಫೆಸರ್ ನಿವೃತ್ತರಾಗಿ ಹುದ್ದೆ ಭರ್ತಿಯಾಗದಿದ್ದರೆ ಒಂದು ಪಾಠದ ಪಿರಿಯಡ್ ಮಾತ್ರ ಹೋಗುವುದಿಲ್ಲ, ಎಂಟು ಪಿಎಚ್‌.ಡಿ ಸೀಟುಗಳೂ ಹೋಗುತ್ತವೆ. ನೇಮಕಾತಿಯ ಚರ್ಚೆಯಲ್ಲಿ ಈ ಲೆಕ್ಕವನ್ನು ಯಾರೂ ಎತ್ತುವುದಿಲ್ಲ.

ಹಾಗಾಗಿ ಎಲ್ಲರ ಕಣ್ಣು ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್, ಜವಾಹರಲಾಲ್ ನೆಹರೂ ಕೇಂದ್ರದ ಮೇಲೆ. ಅಲ್ಲಿ ಸಿಗದವರಿಗೆ ಉಳಿಯುವುದು ಪ್ರಾಜೆಕ್ಟ್ ಹುದ್ದೆ. ಸಂಸ್ಥೆಯ ಜಾಲತಾಣದ ಯಾವುದೋ ಮೂಲೆಯಲ್ಲೊಂದು ಪಿಡಿಎಫ್, ಮುಂದಿನ ವಾರವೇ ಸಂದರ್ಶನ, ಟಿಎ–ಡಿಎ ಇಲ್ಲ, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಬೀದರ್‌ನಿಂದ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಆ ಪಿಡಿಎಫ್ ಕಣ್ಣಿಗೆ ಬೀಳುವುದೇ ಪರಿಚಯದವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ.

ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಬಹಳಷ್ಟು ಪಿಎಚ್‌.ಡಿ ಸ್ಥಾನಗಳನ್ನು ಸಂಬಳ, ಅವಧಿ, ವಿಷಯ ನಮೂದಿಸಿ ಉದ್ಯೋಗದಂತೆಯೇ ಜಾಹೀರು ಮಾಡುತ್ತಾರೆ. ಅಮೆರಿಕದ ಖಗೋಳವಿಜ್ಞಾನದಲ್ಲಂತೂ ಪಿಎಚ್‌.ಡಿ ನಂತರದ ಪೋಸ್ಟ್‌ಡಾಕ್ ಹುದ್ದೆಗೆ ಆಯ್ಕೆಯಾದ ಅಭ್ಯರ್ಥಿಯ ಉತ್ತರಕ್ಕಾಗಿ ಸಂಸ್ಥೆಗಳು ಫೆಬ್ರುವರಿ 15ರವರೆಗೆ ಕಾಯುವ ಒಪ್ಪಂದವೇ ಇದೆ. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ, ಹಿಂದಿನ 36 ತಿಂಗಳಲ್ಲಿ ಹೋಗಬೇಕಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು. ಷರತ್ತು ಬಿಗಿ, ಆದರೆ ಎಲ್ಲರಿಗೂ ಮೊದಲೇ ಗೊತ್ತು.

ನಮ್ಮಲ್ಲೂ ನಿಯಮಕ್ಕೆ ಕೊರತೆಯಿಲ್ಲ. ವಿಷಯವಾರು ಸೀಟುಗಳ ಸಂಖ್ಯೆಯನ್ನು ಮೊದಲೇ ಪ್ರಕಟಿಸಬೇಕು, ನೋಂದಾಯಿತರ ಹೆಸರು, ವಿಷಯ, ಗೈಡ್ ಯಾರೆಂಬುದನ್ನು ವರ್ಷವಾರು ಜಾಲತಾಣದಲ್ಲಿ ಇಡಬೇಕು ಎಂದು ಯುಜಿಸಿ ವಿಧಿಸಿದೆ. ಈ ಪಟ್ಟಿಯನ್ನು ಪ್ರತಿ ಸೆಮಿಸ್ಟರ್‌ಗೆ ಹೊಸದಾಗಿಸಿ, ಪ್ರತಿ ಗೈಡ್ ಹೆಸರಿನ ಎದುರು ಖಾಲಿ ಸ್ಥಾನಗಳ ಅಂಕಣವೊಂದನ್ನು ಸೇರಿಸಲು ಹೊಸ ಕಾಯ್ದೆಯಾಗಲಿ ಅನುದಾನವಾಗಲಿ ಬೇಕಿಲ್ಲ; ಕುಲಸಚಿವರ ಒಂದು ಸುತ್ತೋಲೆ ಸಾಕು.