ಬಿಟ್ಟುಹೋದ ಕೂಸು, ಮರೆತುಹೋದ ಕಾನೂನು

ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯ ಹಿತ್ತಿಲಲ್ಲೋ ಹಸುಗೂಸು ಸಿಕ್ಕಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಜನರ ಬಾಯಿಂದ ಹೊರಡುವ ಮಾತು ಒಂದೇ: ಆ ಪಾಪಿ ತಾಯಿಯನ್ನು ಹಿಡಿದು ಜೈಲಿಗೆ ಹಾಕಿ! ಕೂಸಿನ ಮೇಲಿನ ಕನಿಕರದಿಂದಲೇ ಈ ಮಾತು ಹುಟ್ಟುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಕಾನೂನನ್ನು ಅರಿಯದ ಸಿಟ್ಟಿನಿಂದ ಕೂಸಿಗೇ ಕೇಡು.

1860ರ ದಂಡ ಸಂಹಿತೆಯ 317ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 93ನೆಯ ಕಲಮಾಗಿದೆ. ಸಂಖ್ಯೆ ಬದಲಾಯಿತು, ಶಿಕ್ಷೆ ಬದಲಾಗಲಿಲ್ಲ. ಹನ್ನೆರಡು ವರ್ಷದೊಳಗಿನ ಮಗುವನ್ನು ಪೂರ್ತಿ ತೊರೆಯುವ ಉದ್ದೇಶದಿಂದ ಬಿಟ್ಟುಹೋದವರಿಗೆ 7 ವರ್ಷಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಮಗು ಸತ್ತರೆ ಕೊಲೆಯ ಮೊಕದ್ದಮೆಯನ್ನೂ ಹೂಡಬಹುದು. ಕಲಮಿನಲ್ಲಿ ತಂದೆಯ ಮಾತೇ ಮೊದಲು ಬಂದಿದೆ. ಆದರೆ ಹೆರಿಗೆಯ ಗುರುತು ಹೊತ್ತ ಮೈ ತಾಯಿಯದು. ಹುಡುಕುವವರ ಕೈಗೆ ಸಿಗುವವಳು ಅವಳೇ.

ಇದು ಕಾನೂನಿನ ಅರ್ಧ. ಇನ್ನರ್ಧ 2015ರ ಬಾಲನ್ಯಾಯ ಕಾಯ್ದೆಯಲ್ಲಿದೆ. ಅದರ 75ನೆಯ ಕಲಮು ಮಗುವನ್ನು ತೊರೆದವರಿಗೆ 3 ವರ್ಷಗಳವರೆಗೆ ಸೆರೆ ಹೇಳುತ್ತದೆ ನಿಜ. ಆದರೆ ಹೆತ್ತವರು ಕೈಮೀರಿದ ಸಂದರ್ಭದಲ್ಲಿ ತೊರೆದಿದ್ದರೆ ಅದು ಬೇಕೆಂದು ಮಾಡಿದ್ದಲ್ಲವೆಂದು ಭಾವಿಸಬೇಕು, ಆ ಶಿಕ್ಷೆ ಅವರಿಗೆ ತಗುಲದು ಎಂದೂ ಹೇಳುತ್ತದೆ. 35ನೆಯ ಕಲಮಿನ ಪ್ರಕಾರ ಸಾಕಲಾರದವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಂದು ಒಪ್ಪಿಸಬಹುದು. ಸಮಿತಿ ವಿಚಾರಿಸಿ, ಸಲಹೆ ಕೊಟ್ಟು, ಪತ್ರ ಬರೆಸಿಕೊಂಡು, ಮನಸ್ಸು ತಿರುಗೀತೆಂದು ಎರಡು ತಿಂಗಳ ಗಡುವನ್ನೂ ಕೊಡುತ್ತದೆ. ಪೊದೆಯಲ್ಲಿ ಬಿಟ್ಟರೆ ಅಪರಾಧ. ಸಮಿತಿಗೆ ಒಪ್ಪಿಸಿದರೆ ಅಪರಾಧವಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಸುಳ್ಳಲ್ಲ. ಹೆತ್ತ ಕೂಸನ್ನು ಇರುಳಲ್ಲಿ ಬಿಟ್ಟು ಓಡುವವಳ ಬೆನ್ನಿಗೆ ಕೈಕೊಟ್ಟ ಗಂಡಸು, ನೆರೆಯವರ ನಾಲಿಗೆ, ಸಾಲದ ಕೂಲಿ ಇರುತ್ತವೆ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದರು. ಹತ್ತು ಜನರೂ ಇಲ್ಲದ ಮಗ್ಗದ ಶೆಡ್ಡಿನಲ್ಲಿ, ಪರರ ಮನೆಗೆಲಸದಲ್ಲಿ ದುಡಿಯುವವಳಿಗೆ ಆ ರಜೆ ಎಲ್ಲಿದೆ?

ಹೆಣ್ಣೆಂಬ ತಾತ್ಸಾರದಿಂದ ಕೂಸನ್ನು ಎಸೆದವರ ಪರ ನಾವು ವಕಾಲತ್ತು ವಹಿಸುತ್ತಿಲ್ಲ, ಅವರಿಗೆ ಶಿಕ್ಷೆಯಾಗಲಿ. ಆದರೆ ದಿಕ್ಕಿಲ್ಲದವಳಿಗೆ ಜೈಲಿನ ಭಯವೊಂದೇ ಗೊತ್ತಿದ್ದರೆ ಅವಳು ಜನ ಕಾಣದ ಜಾಗ ಹುಡುಕುತ್ತಾಳೆ. ಅಂಥ ಜಾಗದಲ್ಲಿ ಕೂಸು ಉಳಿಯುವುದುಂಟೆ?

ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಅಂಗಡಿಯ ಜಗಲಿಯಲ್ಲಿ ಕೂಸು ಸಿಕ್ಕರೆ 24 ಗಂಟೆಯೊಳಗೆ 1098ಕ್ಕೋ, ಪೋಲೀಸರಿಗೋ, ಸಮಿತಿಗೋ ತಿಳಿಸಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮಕ್ಕಳಿಲ್ಲದ ನೆಂಟರಿಗೆ ದಯೆಯಿಂದ ಕೊಟ್ಟುಬಿಡುವುದೂ ತಪ್ಪೇ.

ಪ್ರತಿ ಹೆರಿಗೆ ಆಸ್ಪತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗಿರಣಿಯ ಬಾಗಿಲಲ್ಲಿ ಸಮಿತಿಯ ವಿಳಾಸವನ್ನೂ 1098 ಎಂಬ ಸಂಖ್ಯೆಯನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಬೇಕೆಂದು ನಾವು ಸರ್ಕಾರವನ್ನು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ ಕಾರ್ಮಿಕ ಬಂಧುಗಳು ಕಾಯಬೇಕಾಗಿಲ್ಲ. ಸಂಘದ ಕಚೇರಿಯಲ್ಲಿ ಕರಿಹಲಗೆ ಇದೆ, ಸೀಮೆಸುಣ್ಣವೂ ಇದೆ. ಇಂದೇ ಬರೆಯಿರಿ.