ಹಂಚಿಕೊಳ್ಳದ ಡಬ್ಬಿಗೆ 'ಡಿ' ದರ್ಜೆ

ದಸರಾ ರಜೆಗೆ ಮುಂಚೆ ನಮ್ಮ ತಂಗಿಯ ಮಗಳು ಶಾಲೆಯಿಂದ ಒಂದು ಬಣ್ಣದ ಕಾರ್ಡು ತಂದಳು. ಅವಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಅಂಕಿ, ಪದ್ಯ, ಎಲ್ಲದಕ್ಕೂ ನಕ್ಷತ್ರಗಳು. ಇನ್ನೊಂದು ಬದಿಯಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಎಂದು ಇಂಗ್ಲಿಷಿನಲ್ಲಿ ತಲೆಬರಹ. ಭಾವನೆಗಳನ್ನು ಗುರುತಿಸುವುದು, ಸಿ. ಹಂಚಿಕೊಳ್ಳುವುದು, ಡಿ. ಕೋಪ ನಿಯಂತ್ರಣ, ಡಿ. ಅಮ್ಮನಿಗೆ ಇಂಗ್ಲಿಷ್ ಬಾರದು. ನಾವು ದಖನಿಯಲ್ಲಿ ಬಿಡಿಸಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಮಾರಿ ಬಚ್ಚಿ ಕೂ ದಿಲ್ ನೈ ಬೋಲ್ತೈಂ ಕ್ಯಾ?" ಎಂದು ಕೇಳಿದರು. ನಮ್ಮ ಮಗುವಿಗೆ ಹೃದಯವೇ ಇಲ್ಲ ಅನ್ನುತ್ತಾರೇನು?

ಅಮ್ಮನ ಆ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ನಾಲ್ಕು ವರ್ಷದ ಮಗುವಿನ ಕೋಪಕ್ಕೆ, ದುಃಖಕ್ಕೆ, ಪ್ರೀತಿಗೆ ದರ್ಜೆ ಕೊಡುವ ಅಧಿಕಾರ ಯಾರಿಗೆ ಯಾವಾಗ ಬಂತು?

ಈ ಮಾತಿನ ಹುಟ್ಟು ಬಹಳ ಹಳೆಯದೇನಲ್ಲ. 1990ರಲ್ಲಿ ಅಮೆರಿಕದ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಭಾವನಾತ್ಮಕ ಬುದ್ಧಿಮತ್ತೆಯನ್ನು ಕುರಿತು ಒಂದು ಪ್ರಬಂಧ ಬರೆದರು. ತನ್ನ ಹಾಗೂ ಇತರರ ಭಾವನೆಗಳನ್ನು ಅರಿಯುವ, ಆ ಅರಿವನ್ನು ಬಳಸುವ ಸಾಮರ್ಥ್ಯವೂ ಬುದ್ಧಿಯ ಒಂದು ಬಗೆ ಎಂಬುದು ಅವರ ವಾದ. ಅದು ವಿದ್ವಾಂಸರ ನಡುವಿನ ಎಚ್ಚರದ ಮಾತಾಗಿತ್ತು. 1995ರಲ್ಲಿ ಪತ್ರಕರ್ತ ಡೇನಿಯಲ್ ಗೋಲ್‌ಮನ್ ಅದೇ ಹೆಸರಿನಲ್ಲಿ ಪುಸ್ತಕ ಬರೆದು, ಇದು ಐಕ್ಯೂಗಿಂತಲೂ ಹೆಚ್ಚಿನದಾಗಬಹುದು ಎಂದರು. ಅಲ್ಲಿಂದಾಚೆಗೆ ಎಚ್ಚರ ಹೋಯಿತು, ಮಾರುಕಟ್ಟೆ ಬಂತು. ಈಗ ನಮ್ಮ ಜಿಲ್ಲಾ ಕೇಂದ್ರಗಳ ಕಾನ್ವೆಂಟುಗಳೂ ಪ್ರವೇಶದ ಕರಪತ್ರದಲ್ಲಿ ಸ್ಮಾರ್ಟ್ ಕ್ಲಾಸು, ಸಿಸಿಟಿವಿಗಳ ಪಕ್ಕದಲ್ಲಿ ಇಕ್ಯೂ ಅನ್ನೂ ಅಚ್ಚು ಹಾಕಿಸುತ್ತಿವೆ.

ಮಕ್ಕಳ ಭಾವನೆಗಳನ್ನು ಅಳೆಯಬಹುದು ಎನ್ನುವವರು ಮೊದಲು ಉದಾಹರಿಸುವುದು ಸ್ಟ್ಯಾನ್‌ಫರ್ಡ್‌ನ ಮಿಠಾಯಿ ಪ್ರಯೋಗವನ್ನು. 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಅಲ್ಲಿನ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಗುವಿನ ಮುಂದೆ ಒಂದು ತಿನಿಸು ಇಟ್ಟು, ತಾನು ಹಿಂತಿರುಗುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲಿಯೂ ಚೆನ್ನಾಗಿದ್ದರು ಎಂಬ ವರದಿ 1990ರಲ್ಲಿ ಬಂತು. ಗೋಲ್‌ಮನ್ ಪುಸ್ತಕ ಅದನ್ನು ಲೋಕವಿಖ್ಯಾತ ಮಾಡಿತು. ಆದರೆ ಆ ಮಕ್ಕಳು ಬಹುಪಾಲು ಅದೇ ಕ್ಯಾಂಪಸ್ಸಿನ ಸುತ್ತಮುತ್ತಲಿನವರು, ಓದಿದವರ ಮಕ್ಕಳು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಹಿನ್ನೆಲೆಯ 900ಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ ಆ ಸಂಬಂಧ ಅರ್ಧಕ್ಕಿಳಿದಿತ್ತು. ಮನೆಯ ಸ್ಥಿತಿಗತಿ, ತಾಯಿ ತಂದೆಯರ ಓದು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿದದ್ದರಲ್ಲಿಯೂ ಮೂರನೇ ಎರಡು ಭಾಗ ಕರಗಿಹೋಯಿತು.

ಇದಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು 2013ರಲ್ಲಿ ರೋಚೆಸ್ಟರ್‌ನ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗ. ಇದ್ದದ್ದು 28 ಮಕ್ಕಳು ಮಾತ್ರ. ಮಿಠಾಯಿ ಇಡುವ ಮೊದಲೇ, ಚಿತ್ರ ಬರೆಯುವುದಕ್ಕೆ ಒಳ್ಳೆಯ ಬಣ್ಣ ತಂದುಕೊಡುತ್ತೇನೆ ಎಂದು ಒಬ್ಬ ದೊಡ್ಡವರು ಮಾತು ಕೊಟ್ಟರು. ಅರ್ಧ ಮಕ್ಕಳ ವಿಷಯದಲ್ಲಿ ಮಾತು ಉಳಿಸಿಕೊಂಡರು. ಉಳಿದವರ ಹತ್ತಿರ ಬರಿಗೈಯಲ್ಲಿ ಬಂದು, ಇಲ್ಲವಂತೆ ಎಂದರು. ಆಮೇಲೆ ಮಿಠಾಯಿಯ ಸರದಿ. ಮಾತು ಉಳಿಸಿಕೊಂಡವರನ್ನು ನಂಬಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು ಕಾದದ್ದು 3 ನಿಮಿಷ. ಇಲ್ಲಿ ಯಾರ ಸಂಯಮವನ್ನು ಅಳೆದಂತಾಯಿತು? ದೊಡ್ಡವರ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಆ ಮಕ್ಕಳು ಲೆಕ್ಕ ಹಾಕಿದ್ದರು, ಮತ್ತು ಅವರ ಲೆಕ್ಕ ಸರಿಯಾಗಿಯೇ ಇತ್ತು. ರೇಷನ್ ನಾಳೆ ಬರುತ್ತದೆ, ಅಪ್ಪ ಗಲ್ಫಿನಿಂದ ಮುಂದಿನ ತಿಂಗಳು ಬರುತ್ತಾನೆ ಎಂಬ ಮಾತುಗಳ ನಡುವೆ ಬೆಳೆಯುವ ಮಗು ಸಿಕ್ಕ ಮಿಠಾಯಿಯನ್ನು ಆಗಲೇ ಬಾಯಿಗೆ ಹಾಕಿಕೊಂಡರೆ ಅದನ್ನು ದಡ್ಡತನ ಎನ್ನಲು ನಮಗಂತೂ ಬಾಯಿ ಬರುವುದಿಲ್ಲ.

ಇನ್ನು ಮುಖ ನೋಡಿ ಭಾವನೆ ಹೇಳುವ ಪರೀಕ್ಷೆ. ನಗುವ, ಅಳುವ, ಸಿಡುಕುವ ಮುಖಗಳ ಚಿತ್ರ ತೋರಿಸಿ ಹ್ಯಾಪಿ, ಸ್ಯಾಡ್, ಆಂಗ್ರಿ ಎಂದು ಹೇಳಿಸುತ್ತಾರೆ. ಮುಖದ ಚಹರೆಯಿಂದ ಒಳಗಿನ ಭಾವನೆಯನ್ನು ಖಚಿತವಾಗಿ ಓದಲಾಗದು ಎಂದು ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಸೇರಿದಂತೆ ಐವರು ವಿಜ್ಞಾನಿಗಳು 2019ರಲ್ಲಿ ದೀರ್ಘ ಪರಿಶೀಲನೆಯ ನಂತರ ಬರೆದಿದ್ದಾರೆ. ಅದು ಹಾಗಿರಲಿ. ನಮ್ಮ ಹುಡುಗಿ ತುಟಿ ಮುಂದೆ ಮಾಡಿದ ಮುಖ ನೋಡಿ "ರೂಸ್ ಗಯಿ" ಎಂದಳಂತೆ. ಟೀಚರಿಗೆ ಅರ್ಥವಾಗಲಿಲ್ಲ. ಸ್ಯಾಡ್ ಎಂಬ ಉತ್ತರ ಬರಲಿಲ್ಲವಾದ್ದರಿಂದ ಸಿ. ರೂಸುವುದೆಂದರೆ ಕನ್ನಡದ ಮುನಿಸು. ಅದರಲ್ಲಿ ದುಃಖವೂ ಇದೆ, ಕೋಪವೂ ಇದೆ, ಯಾರಾದರೂ ಬಂದು ಮನವೊಲಿಸಲಿ ಎಂಬ ಆಸೆಯೂ ಇದೆ. ಮೂರು ಇಂಗ್ಲಿಷ್ ಪದಗಳಿಗಿಂತ ಹೆಚ್ಚನ್ನು ಅವಳು ಆ ಮುಖದಲ್ಲಿ ಕಂಡಿದ್ದಳು. ದಖನಿ, ಬ್ಯಾರಿ, ತುಳು, ಲಂಬಾಣಿ ಮಾತಾಡುವ ಮನೆಗಳ ಎಷ್ಟು ಮಕ್ಕಳು ತಿಳಿದೂ ತಿಳಿಯದವರಾಗುತ್ತಿದ್ದಾರೋ! ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದು ಕೂತಾಗ ನಾವೂ ಒಂದು ವರ್ಷ ಮೂಕರಾಗಿದ್ದೆವು. ಆಗ ಯಾರೂ ನಮ್ಮ ಭಾವನೆಗೆ ಅಂಕ ಹಾಕದಿದ್ದುದು ನಮ್ಮ ಪುಣ್ಯ.

ಮುಖ ಓದುವುದರಲ್ಲಿ ಇನ್ನೊಂದು ಸಂಕಟವಿದೆ. ಸೇತ್ ಪೊಲಾಕ್ ಮತ್ತು ಪವನ್ ಸಿನ್ಹಾ 2002ರಲ್ಲಿ ತುಸು ದೊಡ್ಡ ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಮನೆಯಲ್ಲಿ ಪೆಟ್ಟು ತಿಂದ ಮಕ್ಕಳು ಮಸುಕು ಚಿತ್ರದಲ್ಲಿಯೂ ಸಿಟ್ಟಿನ ಮುಖವನ್ನು ಉಳಿದವರಿಗಿಂತ ಬೇಗ ಗುರುತಿಸಿದರು. ಹೊಡೆತ ತಪ್ಪಿಸಿಕೊಳ್ಳಬೇಕಾದವರಿಗೆ ಆ ವಿದ್ಯೆ ಬೇಕೇ ಬೇಕು. ಕಾರ್ಡಿನ ಲೆಕ್ಕದಲ್ಲಿ ಆ ಮಗುವಿಗೆ ಎ ಸಿಗಬೇಕಲ್ಲವೇ?

ಹಾಗಾದರೆ ಮಕ್ಕಳಿಗೆ ಭಾವನೆಗಳ ಬಗ್ಗೆ ಏನನ್ನೂ ಕಲಿಸಬಾರದೇ ಎಂದು ಓದುಗರು ಕೇಳಬಹುದು. ಕಲಿಸಲಿ. 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತಿತರರು 213 ಕಾರ್ಯಕ್ರಮಗಳ, ಎರಡೂ ಮುಕ್ಕಾಲು ಲಕ್ಷದಷ್ಟು ಶಾಲಾ ಮಕ್ಕಳ ಫಲಿತಾಂಶ ಒಟ್ಟುಗೂಡಿಸಿ, ಇಂಥ ಕಲಿಕೆಯಿಂದ ವರ್ತನೆಗೂ ಓದಿಗೂ ಪ್ರಯೋಜನವಾಗುತ್ತದೆಂದು ತೋರಿಸಿದ್ದಾರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಯಕ್ರಮ ಫಲ ಕೊಟ್ಟಿತೇ ಎಂದು ಸಾವಿರಾರು ಮಕ್ಕಳನ್ನು ಒಟ್ಟಾಗಿ ನೋಡುವುದು ಬೇರೆ, ಒಂದು ಮಗುವಿನ ಹಣೆಗೆ ಡಿ ಎಂದು ಅಂಟಿಸುವುದು ಬೇರೆ. ನಮ್ಮದೇ ದೇಶದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು 2022ರಲ್ಲಿ ಬಂದಾಗ ಭಾವನಾತ್ಮಕ ಬೆಳವಣಿಗೆಯನ್ನು ಗುರಿಗಳಲ್ಲಿ ಸೇರಿಸಿಕೊಂಡಿತು. ಪುಟ್ಟ ಮಕ್ಕಳಿಗೆ ಪರೀಕ್ಷೆ ತಕ್ಕುದಲ್ಲ ಎಂದೂ ಹೇಳಿತು. ಶಾಲೆಗಳು ಮೊದಲ ಮಾತನ್ನು ಓದಿ ಎರಡನೆಯದನ್ನು ನುಂಗಿದವು. ಹೊರದೇಶಗಳಲ್ಲೂ ಇದೇ ಹಸಿವು. ಒಇಸಿಡಿ ಎಂಬ ಶ್ರೀಮಂತ ದೇಶಗಳ ಕೂಟ 2018ರಲ್ಲಿ ಇಂಗ್ಲೆಂಡ್, ಎಸ್ಟೋನಿಯಾ, ಅಮೆರಿಕಗಳ ಐದು ವರ್ಷದ ಮಕ್ಕಳ ಕೈಗೆ ಟ್ಯಾಬ್ ಕೊಟ್ಟು ಅನುಕಂಪವನ್ನೂ ಅಳೆಯಿತು. ಇದು ಬೇಡ ಎಂದು ಪೀಟರ್ ಮಾಸ್ ಮತ್ತು ಹಲವರು 2016ರಲ್ಲಿಯೇ ಬರೆದಿದ್ದರು.

ಅಳೆಯುವ ಕಣ್ಣೂ ಮನುಷ್ಯರದೇ ತಾನೆ? ಸಾಲೊವಿ ಇದ್ದ ಅದೇ ಯೇಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಗಿಲಿಯಂ 2016ರಲ್ಲಿ ಶಿಶುವಿಹಾರಗಳ ಶಿಕ್ಷಕರಿಗೆ ನಾಲ್ಕು ಮಕ್ಕಳ ವಿಡಿಯೋ ತೋರಿಸಿ, ತುಂಟತನ ಎಲ್ಲಿ ಕಾಣುತ್ತದೆ ನೋಡಿ ಎಂದರು. ತುಂಟತನ ವಿಡಿಯೋದಲ್ಲಿ ಇರಲೇ ಇಲ್ಲ. ಆದರೂ ಶಿಕ್ಷಕರ ಕಣ್ಣು ಹೆಚ್ಚು ಹೊತ್ತು ನೆಟ್ಟಿದ್ದು ಕರಿಯ ಹುಡುಗನ ಮೇಲೆ. ಅವನಿಗೇ ಹೆಚ್ಚಿನ ನಿಗಾ ಬೇಕು ಎಂದವರು ಶೇ. 42. ಇಂಥ ಅಧ್ಯಯನವನ್ನು ನಮ್ಮ ಊರುಗಳ ಶಾಲೆಗಳಲ್ಲಿ ನಡೆಸಿದರೆ ಕಣ್ಣು ಯಾವ ಹೆಸರಿನ ಮಗುವಿನ ಮೇಲೆ ನಿಲ್ಲಬಹುದು ಎಂದು ನಾವು ಊಹಿಸಬಲ್ಲೆವು. ನಮ್ಮವರೆಂದರೆ ಸಿಟ್ಟಿನವರು ಎಂಬ ಮಾತು ಬಸ್ ನಿಲ್ದಾಣದಲ್ಲೂ ಟಿವಿಯಲ್ಲೂ ಸಾಕಷ್ಟು ಕೇಳಿದ್ದೇವೆ. ಅದು ನಾಲ್ಕನೇ ವರ್ಷಕ್ಕೇ ಶಾಲೆಯ ಮೊಹರಿನೊಂದಿಗೆ ಮಗುವಿನ ಕಡತ ಸೇರಬೇಕೇ?

ಡಬ್ಬಿಯ ವಿಷಯ ಹೇಳದೆ ಈ ಮಾತು ಮುಗಿಯದು. ಹಂಚಿಕೊಳ್ಳುವುದರಲ್ಲಿ ಡಿ ಯಾಕೆ ಎಂದು ತಂಗಿ ಕೇಳಿದ್ದಕ್ಕೆ, ಊಟದ ಹೊತ್ತು ಡಬ್ಬಿಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತಾಳೆ, ಯಾರಾದರೂ ಹತ್ತಿರ ಬಂದರೆ ತಳ್ಳುತ್ತಾಳೆ ಎಂದು ಟೀಚರ್ ಉತ್ತರಿಸಿದರು. ಮಗುವನ್ನು ಕೇಳಿದೆವು. ಜುಲೈಯಲ್ಲಿ ಒಂದು ದಿನ ಡಬ್ಬಿಯಲ್ಲಿ ಮೊಟ್ಟೆಯ ಪಲ್ಯ ಇತ್ತು. ಪಕ್ಕದ ಗೆಳತಿಗೆ ಒಂದು ತುತ್ತು ಕೊಟ್ಟಿದ್ದಳು. ಆ ಮನೆಯಿಂದ ದೂರು ಬಂತು. ಇನ್ನು ಮೇಲೆ ನಿನ್ನ ಊಟ ಯಾರಿಗೂ ಕೊಡಬೇಡ, ಮೂಲೆಯಲ್ಲಿ ಕೂತು ತಿನ್ನು ಎಂದು ಅದೇ ಟೀಚರ್ ಹೇಳಿದ್ದರಂತೆ. ಹೇಳಿದ್ದನ್ನು ಮಗು ಚಾಚೂ ತಪ್ಪದೆ ಪಾಲಿಸಿತು. ಅಕ್ಟೋಬರಿನಲ್ಲಿ ಅದಕ್ಕೆ ಡಿ ಬಂತು.

ಟೀಚರನ್ನು ನಾವು ಬೈಯುತ್ತಿಲ್ಲ. ಒಂದು ಕೋಣೆಯಲ್ಲಿ ನಲವತ್ತು ಮಕ್ಕಳು, ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಮೇಲೆ ಈ ಕಾರ್ಡು ಬೇರೆ. ನಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆಯ ಪಾಡೂ ಅದೇ. 1975ರ ಗಾಂಧಿ ಜಯಂತಿಯಂದು ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. ಐದು ದಶಕ ಕಳೆದರೂ ಆಕೆಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರಿಲ್ಲ, ಗೌರವಧನ ಎನ್ನುತ್ತಾರೆ. ತೂಕ, ಪಡಿತರ, ಮೊಬೈಲಿನಲ್ಲಿ ದಾಖಲೆ ಇಷ್ಟರ ನಡುವೆಯೂ ಅಳುವ ಮಗುವನ್ನು ಆಕೆ ತೊಡೆಯ ಮೇಲೆ ಕೂರಿಸಿಕೊಂಡು "ರೋ ನಕ್ಕೋ" ಎನ್ನುತ್ತಾರೆ. ಆ ದಖನಿಯನ್ನು ಆಕೆ ಕಲಿತದ್ದು ಮಕ್ಕಳಿಂದಲೇ. ಅವರ ಹತ್ತಿರ ಭಾವನೆಯ ರಿಜಿಸ್ಟರ್ ಇಲ್ಲ. ಕೂತು ಸಮಾಧಾನ ಮಾಡಲು ಬೇಕಾದ ಹೊತ್ತು, ಜೊತೆಗೆ ಇನ್ನೊಂದು ಕೈ, ಮರ್ಯಾದೆಯ ಸಂಬಳ ಕೊಡಿ ಎಂದರೆ ದುಡ್ಡಿಲ್ಲ ಎನ್ನುವವರ ಬಳಿ ಅಳತೆಗೋಲಿಗೆ ಮಾತ್ರ ದುಡ್ಡಿರುತ್ತದೆ.

ಕಾರ್ಡಿನ ಕೆಳಗೆ ಪಾಲಕರ ಸಹಿಗೆ ಜಾಗವಿತ್ತು. ತಂಗಿ ಸಹಿ ಹಾಕಲಿಲ್ಲ. ಬದಲಿಗೆ ಆ ಬದಿಯನ್ನು ಮಗುವಿನ ದಾಖಲೆಯಿಂದ ತೆಗೆಯಿರಿ, ಊಟಕ್ಕೆ ಅವಳನ್ನು ಎಲ್ಲರ ಸಾಲಿನಲ್ಲಿ ಕೂರಿಸಿ ಎಂದು ಎರಡು ಸಾಲು ಕನ್ನಡದಲ್ಲಿ ಬರೆದು ಕಳಿಸಿದೆವು. ಎರಡನೆಯದು ಆಯಿತು. ಮೊದಲನೆಯದಕ್ಕೆ, ಸಾಫ್ಟ್‌ವೇರಿನಲ್ಲಿ ಒಮ್ಮೆ ಹಾಕಿದ್ದನ್ನು ತೆಗೆಯಲು ಬರುವುದಿಲ್ಲ ಎಂದು ಆಫೀಸಿನವರು ಹೇಳಿದ್ದಾರೆ. ನಾಳೆ ಮತ್ತೆ ಹೋಗುತ್ತಿದ್ದೇವೆ.