ಮನೆಯ ಮಾತು: ವೃದ್ಧಾಶ್ರಮದಲ್ಲಿ ಕ್ರಿಸ್ತಜಯಂತಿ

ಡಿಸೆಂಬರ್ ತಿಂಗಳು ಸಮೀಪಿಸಿತೆಂದರೆ ಕೋಲಾರದ ಸೀಮೆಯಲ್ಲಿ ಎರಡು ಸಂಗತಿಗಳು ಜೊತೆಯಾಗಿ ಬರುತ್ತವೆ. ಸಂತೆಗೆ ಅವರೆಕಾಯಿ ಬರುತ್ತದೆ. ಕ್ರೈಸ್ತ ಬಂಧುಗಳ ಮನೆಬಾಗಿಲಿಗೆ ಕಾಗದದ ನಕ್ಷತ್ರ ಬರುತ್ತದೆ. ಇದೇ ದಿನಗಳಲ್ಲಿ ಸಂಘಸಂಸ್ಥೆಗಳವರೂ ಶಾಲೆಯ ಮಕ್ಕಳೂ ವೃದ್ಧಾಶ್ರಮಗಳಿಗೆ ಹೋಗಿ, ಕೇಕು ಹಂಚಿ, ಶಾಲು ಹೊದಿಸಿ, ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುವುದು ವಾಡಿಕೆಯಾಗಿದೆ. ಅವರ ಉದ್ದೇಶವು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಡಿಸೆಂಬರ್ 26ರ ಬೆಳಗ್ಗೆ ಆ ವೃದ್ಧರ ಪಾಲಿಗೆ ಉಳಿಯುವುದೇನು? ಮಡಿಸಿಟ್ಟ ಒಂದು ಶಾಲು, ಮತ್ತೆ ಅದೇ ಮೌನ. ಇದನ್ನು ಕುರಿತು ಈ ತಿಂಗಳು ನಮ್ಮ ವಾಚಕರೊಡನೆ ಎರಡು ಮಾತನಾಡಬೇಕೆಂದು ಬಯಸುತ್ತೇವೆ.

ಹಿರಿಯರು ಮನೆಯಲ್ಲಿಯೇ ಇರಬೇಕಾದವರೆಂಬ ಮಾತು ನಮಗೂ ಒಪ್ಪಿಗೆಯೇ. ಆದರೆ ಕಾಲವು ಬದಲಾಗಿದೆ. ಮಾಲೂರಿನ ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರಗಳ ಮಕ್ಕಳಲ್ಲಿ ಅನೇಕರು ಅಲ್ಲಿಯೇ ನೆಲೆಸಿಬಿಡುತ್ತಾರೆ. ಸರಕಾರವೂ ಈ ಸ್ಥಿತಿಯನ್ನು ಗುರುತಿಸಿದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯು, ನಿರ್ಗತಿಕರಾದ 150 ಮಂದಿ ವೃದ್ಧರಿಗಾದರೂ ಸ್ಥಳವಿರುವಂತೆ ಜಿಲ್ಲೆಗೊಂದು ವೃದ್ಧಾಶ್ರಮವನ್ನು ಏರ್ಪಡಿಸುವ ಮಾತನ್ನು ಹೇಳುತ್ತದೆ. ಕಾಯಿದೆಯು ಸೂರನ್ನು ಕೊಡಿಸಬಲ್ಲದು, ಅನ್ನವನ್ನು ಕೊಡಿಸಬಲ್ಲದು; ಹಬ್ಬವನ್ನು ಕೊಡಿಸಲಾರದು. ಅದು ನೆರೆಹೊರೆಯವರ ಕೆಲಸ.

ಹಬ್ಬವೆಂದರೇನು? ತಿನ್ನುವುದೊಂದೇ ಹಬ್ಬವಲ್ಲ. ಬರುವವರಿಗಾಗಿ ಮನೆಯನ್ನು ಅಣಿಗೊಳಿಸುವುದು, ನಾಲ್ವರಿಗೆ ಬಡಿಸುವುದು, ಕಿರಿಯರ ಕೈಯಲ್ಲಿ ಏನಾದರೂ ಇಟ್ಟು ಹರಸುವುದು, ಇವೆಲ್ಲ ಸೇರಿದರೆ ಹಬ್ಬ. ಐವತ್ತು ವರ್ಷ ಹೀಗೆ ಕೊಟ್ಟ ಕೈಗಳನ್ನು ಒಮ್ಮೆಗೇ ತೆಗೆದುಕೊಳ್ಳುವ ಕೈಗಳನ್ನಾಗಿ ಮಾಡಿಬಿಟ್ಟರೆ, ಎಷ್ಟು ಕೇಕು ಕೊಟ್ಟರೂ ಮನಸ್ಸು ತುಂಬದು. ಆದುದರಿಂದ ನಮ್ಮ ಸೂಚನೆಯು ಒಂದೇ: ವೃದ್ಧಾಶ್ರಮದ ಹಬ್ಬದಲ್ಲಿ ವೃದ್ಧರೇ ಮನೆಯವರಾಗಲಿ, ಹೋದ ನಾವು ಅತಿಥಿಗಳಾಗೋಣ.

ಕ್ರಿಸ್ತನ ಜನನದ ಕಥೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಲೂಕನ ಸುವಾರ್ತೆಯಲ್ಲಿ ಶಿಶುವನ್ನು ದೇವಾಲಯಕ್ಕೆ ತಂದಾಗ ಎತ್ತಿಕೊಂಡು ಹರಸಿದವನು ಮರಣವನ್ನು ಎದುರುನೋಡುತ್ತಿದ್ದ ಸಿಮೆಯೋನ. ಶಿಶುವಿನ ವಿಷಯವನ್ನು ಜನರಿಗೆ ಸಾರಿದವಳು ಎಂಬತ್ತನ್ನು ದಾಟಿದ ವಿಧವೆ ಅನ್ನಳು. ಆಶ್ರಮದಲ್ಲಿ ಜನನದ ದೃಶ್ಯವನ್ನು ಆಡಿ ತೋರಿಸುವುದಾದರೆ ಈ ಇಬ್ಬರ ಪಾತ್ರಗಳನ್ನು ಶಾಲೆಯ ಹುಡುಗರಿಗೆ ನರೆಗಡ್ಡ ಕಟ್ಟಿ ಕೊಡಬೇಕಾಗಿಲ್ಲ. ಅಲ್ಲಿಯ ತಾತನೊಬ್ಬರೂ ಅಜ್ಜಿಯೊಬ್ಬರೂ ಕುರ್ಚಿಯಲ್ಲಿ ಕುಳಿತೇ ಅದನ್ನು ನಿರ್ವಹಿಸಬಲ್ಲರು.

ಸಿದ್ಧತೆಯನ್ನು ಹಬ್ಬದ ಹಿಂದಿನ ದಿನಕ್ಕೆ ಬಿಡಬಾರದು. ಕ್ರೈಸ್ತರು ಹಬ್ಬಕ್ಕೆ ಮೊದಲಿನ ನಾಲ್ಕು ಭಾನುವಾರಗಳನ್ನು ನಿರೀಕ್ಷೆಯ ಕಾಲವೆಂದು ಆಚರಿಸುವರಷ್ಟೆ. ವಾರಕ್ಕೊಂದು ಕೆಲಸವನ್ನು ಇಟ್ಟುಕೊಂಡರೆ ನಿರೀಕ್ಷೆಯೇ ಅರ್ಧ ಸಂತೋಷವಾಗುತ್ತದೆ. ಮೊದಲನೆಯ ವಾರ ಬಿದಿರುಕಡ್ಡಿ, ಬಣ್ಣದ ಕಾಗದಗಳಿಂದ ನಕ್ಷತ್ರ. ಎರಡನೆಯ ವಾರ ಗೋದಲಿಯ ಗೊಂಬೆಗಳು. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಮಾಲೂರು ಹತ್ತಿರವಿರುವಾಗ ಜೇಡಿಮಣ್ಣಿಗೆ ಕೊರತೆಯೇನು? ದನಕರುಗಳೊಡನೆ ಬಾಳಿದ ರೈತನು ಮಾಡುವ ಎತ್ತಿನ ಗೊಂಬೆಗೆ ಅಂಗಡಿಯ ಗೊಂಬೆ ಸರಿಬಾರದು. ಮೂರನೆಯ ವಾರ ಮಕ್ಕಳಿಗೆ ಹಂಚಲು ಕಜ್ಜಾಯ, ಚಕ್ಕುಲಿ. ಬಾಣಲೆಯ ಮುಂದೆ ಶಕ್ತಿಯಿದ್ದವರು ಇರಲಿ, ಹದ ಹೇಳುವ ಅಧಿಕಾರ ಅಜ್ಜಿಯರದಾಗಿರಲಿ. ನಾಲ್ಕನೆಯ ವಾರ ಸೇವಂತಿಗೆಯ ಹೂ ಕಟ್ಟುವುದು, ಮಾವಿನೆಲೆಯ ತೋರಣ. ಮಾವಿಗೆ ಶ್ರೀನಿವಾಸಪುರವನ್ನು ಮೀರಿದ ಊರುಂಟೆ? ಹಬ್ಬದ ಹಿಂದಿನ ದಿನ ಎಲ್ಲರೂ ಸುತ್ತ ಕುಳಿತು ಅವರೆಕಾಳು ಹಿಸುಕಲಿ. ಕಣ್ಣು ಮಂದವಾದವರೂ ಈ ಕೆಲಸವನ್ನು ಮಾಡಬಲ್ಲರು. ಕೈ ಆಡುತ್ತಿದ್ದರೆ ಮಾತೂ ತಾನಾಗಿ ಹೊರಡುವುದು.

ಹಾಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಆಂಧ್ರದ ಗಡಿಗೆ ಹೊಂದಿದ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬಹುಮಂದಿಯ ಮನೆಮಾತು ತೆಲುಗು; ತಮಿಳು, ಉರ್ದು ಆಡುವವರೂ ಈ ಜಿಲ್ಲೆಯಲ್ಲಿ ಉಂಟು. ಕೇವಲ ಇಂಗ್ಲಿಷ್ ಹಾಡುಗಳನ್ನು ಕಲಿತು ಹೋದರೆ ಹಾಡುವವರಿಗೆ ಮಾತ್ರ ಹಬ್ಬವಾದೀತು. ಯಾರಿಗೆ ಯಾವ ಭಾಷೆಯ ಯಾವ ಹಾಡು ಇಷ್ಟವೆಂದು ಮೊದಲೇ ಕೇಳಿಕೊಳ್ಳಬೇಕು. ಊಟ ಮಾಡಿದ್ದನ್ನೇ ಮರೆಯುವ ಮುದುಕರೂ ಚಿಕ್ಕಂದಿನ ಹಾಡು ಕಿವಿಗೆ ಬಿದ್ದರೆ ದನಿಗೂಡಿಸುವುದುಂಟು.

ದೇಹಸ್ಥಿತಿಯನ್ನೂ ಗಮನಿಸತಕ್ಕದ್ದು. ಈ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅಂತಹ ನೀರನ್ನು ಬಹುಕಾಲ ಕುಡಿದವರಲ್ಲಿ ಕೀಲುಗಳು ಬಿಗಿದು, ಬೆನ್ನು ಬಾಗದಂತಾಗುವುದುಂಟು. ಅಂಥವರನ್ನು ನೆಲದ ಪಂಕ್ತಿಯಲ್ಲಿ ಕೂರಿಸಬಾರದು. ಕೈಯಿರುವ ಕುರ್ಚಿ, ಎತ್ತರದ ಮೇಜು ಬೇಕು. ಹಲ್ಲಿಲ್ಲದವರಿಗೆ ಹಿಸುಕಿದ ಬೇಳೆಯ ಸಾರು, ಮೆತ್ತಗಿನ ಅನ್ನ ಹಿತ. ಒಣ ಕೇಕು ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದುದರಿಂದ ಹಾಲಿನಲ್ಲಿ ನೆನೆಸಿ ಕೊಡುವುದು ಕ್ಷೇಮ. ಮಧುಮೇಹವುಳ್ಳವರು ಯಾರೆಂಬುದನ್ನು ಆಶ್ರಮದವರಿಂದ ತಿಳಿದು, ಅವರಿಗೆ ಬೇರೆ ತಿಂಡಿಯನ್ನು ಎಲ್ಲರೊಡನೆಯೇ ಬಡಿಸಬೇಕು. ಡಿಸೆಂಬರಿನ ರಾತ್ರಿಗಳು ಇಲ್ಲಿ ಚಳಿಯವು; ನಡುರಾತ್ರಿಯ ಕಾರ್ಯಕ್ರಮಕ್ಕಿಂತ ಬೆಳಗ್ಗೆ ಹತ್ತರಿಂದ ಹನ್ನೆರಡರ ಬಿಸಿಲುಹೊತ್ತೇ ಲೇಸು.

ಆಶ್ರಮದಲ್ಲಿ ನಾನಾ ಮತದವರು ಇರುತ್ತಾರೆ. ಪ್ರಾರ್ಥನೆಯು ಬೇಕೆಂದವರಿಗೆ ಇರಲಿ, ಊಟವೂ ಹಾಡೂ ಎಲ್ಲರಿಗೂ ಇರಲಿ, ಯಾರನ್ನೂ ಬಲವಂತಪಡಿಸಬಾರದು. ಇನ್ನು ಕೆಲವರಿಗೆ ಹಬ್ಬದ ದಿನವೇ ಅಗಲಿದ ಸಂಗಾತಿಯ ನೆನಪು ಉಕ್ಕಿಬರುತ್ತದೆ. ಅವರನ್ನು ನಗಿಸಲೆಳಸದೆ ಪಕ್ಕದಲ್ಲಿ ಸುಮ್ಮನೆ ಕುಳಿತರೆ ಸಾಕು.

ಕಡೆಯದಾಗಿ, ಹಬ್ಬವನ್ನು ಒಂದೇ ದಿನಕ್ಕೆ ಮುಗಿಸಬಾರದು. ಜೋಯಿಸರು ಶಿಶುವನ್ನು ಕಂಡುದನ್ನು ಕ್ರೈಸ್ತರು ಜನವರಿ 6ರಂದು ಸ್ಮರಿಸುತ್ತಾರೆ. ಅದಾದ ಒಂದು ವಾರಕ್ಕೆ ಸಂಕ್ರಾಂತಿಯ ಎಳ್ಳುಬೆಲ್ಲ. ಡಿಸೆಂಬರಿನಲ್ಲಿ ಹೋದವರು ಈ ಎರಡು ದಿನಗಳಲ್ಲಿ ಇಬ್ಬರು ಮೂವರಾದರೂ ಮತ್ತೆ ಹೋಗಲಿ, ಅವರನ್ನು ಹೆಸರು ಹಿಡಿದು ಮಾತನಾಡಿಸಲಿ. ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲಿ ಝಾನ್ ಝ್ಯುಗಾನ್ ಎಂಬ ಬಡ ಹೆಂಗಸು 1839ರ ಚಳಿಗಾಲದಲ್ಲಿ ದೃಷ್ಟಿಹೀನಳಾದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆಯಿಂದ ಮೊದಲಾದ ಸೋದರಿಯರ ಸಂಘವು ಮುಂದೆ ಬೆಂಗಳೂರಿನಲ್ಲಿಯೂ ವೃದ್ಧರಿಗೆ ಮನೆಯನ್ನು ಕಟ್ಟಿತು. ಅಷ್ಟು ದೊಡ್ಡ ತ್ಯಾಗವು ಎಲ್ಲರಿಂದಲೂ ಆಗದು. ಆದರೆ ತಾತನೊಬ್ಬರು ನಡುಗುವ ಕೈಯಿಂದ ನೀಡುವ ಚಕ್ಕುಲಿಯನ್ನು ಬೇಡವೆನ್ನದೆ ಸ್ವೀಕರಿಸಿ, ತಲೆಬಾಗಿ ಅವರ ಆಶೀರ್ವಾದವನ್ನು ಪಡೆದು ಬರುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ.